ಪ್ರೈಮರ್ ಆರ್ಡರ್ ಮಾಡುವ ಮೊದಲು: ಪುಟ್ಟ ಡಿಎನ್‌ಎ ಎಳೆ ತಯಾರಾಗುವ ಬಗೆ, ಬಳಸುವ ಬಗೆ

ಕೊರಿಯರ್‌ನಲ್ಲಿ ಒಂದು ಲಕೋಟೆ ಬರುತ್ತದೆ. ಒಳಗೆ ಎರಡು ಪುಟ್ಟ ಟ್ಯೂಬ್, ಒಂದು ಹಾಳೆ. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರೆ ಏನೂ ಕಾಣಲ್ಲ. 'ಮೇಡಂ, ಖಾಲಿ ಕಳಿಸಿದ್ದಾರೆ' ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಓಡಿ ಬರುತ್ತಾರೆ. ಖಾಲಿ ಇರುವುದಿಲ್ಲ. ತಳದಲ್ಲಿ 0.15 ಮಿಲಿಗ್ರಾಂನಷ್ಟು ಡಿಎನ್‌ಎ ತೆಳ್ಳಗೆ ಅಂಟಿಕೊಂಡಿರುತ್ತದೆ. ಅಷ್ಟರಲ್ಲೇ ಸಾವಿರಾರು ಪಿಸಿಆರ್ ಮಾಡಬಹುದು. ಪಿಸಿಆರ್ ಅಂದರೆ ಡಿಎನ್‌ಎಯ ಒಂದು ತುಣುಕನ್ನು ಟ್ಯೂಬಿನಲ್ಲೇ ಲಕ್ಷಗಟ್ಟಲೆ ನಕಲು ಮಾಡುವ ವಿಧಾನ; ನಕಲು ಎಲ್ಲಿಂದ ಶುರುವಾಗಬೇಕು ಅಂತ ತುಣುಕಿನ ಎರಡು ತುದಿಯಲ್ಲಿ ತೋರಿಸುವ ಪುಟ್ಟ ಎಳೆಗಳೇ ಪ್ರೈಮರುಗಳು, ಫಾರ್ವರ್ಡ್ ಒಂದು, ರಿವರ್ಸ್ ಒಂದು.

ಎಂ.ಎಸ್ಸಿ ಪ್ರಾಜೆಕ್ಟಿಗೆ, ಪಿಎಚ್.ಡಿ ಶುರುವಿನಲ್ಲಿ ಮೊದಲ ಬಾರಿ ಪ್ರೈಮರ್ ತರಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆರ್ಡರ್ ಫಾರ್ಮಿನಲ್ಲಿ ಹತ್ತಾರು ಖಾನೆಗಳಿರುತ್ತವೆ. ಸ್ಕೇಲ್ ಎಷ್ಟು, ಶುದ್ಧೀಕರಣ ಯಾವುದು, ತುದಿಗೆ ಏನಾದರೂ ಸೇರಿಸಬೇಕಾ? ಹೆಚ್ಚಿನವರು ಸೀನಿಯರ್ ಏನು ತುಂಬಿದ್ದರೋ ಅದನ್ನೇ ತುಂಬುತ್ತಾರೆ. ಆದರೆ ಆ ಎಳೆ ಯಂತ್ರದಲ್ಲಿ ಹೇಗೆ ಬೆಳೆಯುತ್ತದೆ ಅಂತ ಒಮ್ಮೆ ತಿಳಿದುಕೊಂಡರೆ ಆ ಖಾನೆಗಳಿಗೆಲ್ಲ ಉತ್ತರ ತಾನಾಗಿ ಸಿಗುತ್ತದೆ. ಹಾಗಾಗಿ ಮೊದಲು ಕೆಮಿಸ್ಟ್ರಿ, ಆಮೇಲೆ ಫಾರ್ಮು.

ಎಳೆಯ ತಲೆ ಯಾವುದು, ಬಾಲ ಯಾವುದು

ಡಿಎನ್‌ಎಯ ಒಂದೊಂದು ಕೊಂಡಿಯಲ್ಲೂ ಮೂರು ಭಾಗ: ಡಿಆಕ್ಸಿರೈಬೋಸ್ ಎಂಬ ಸಕ್ಕರೆ, ಒಂದು ಫಾಸ್ಫೇಟ್, ಒಂದು ಬೇಸ್. ಬೇಸ್ ನಾಲ್ಕು ಬಗೆ: ಎ, ಟಿ, ಜಿ, ಸಿ. ಸಕ್ಕರೆಯ ಇಂಗಾಲಗಳಿಗೆ ನಂಬರ್ ಕೊಟ್ಟಿದ್ದಾರೆ. ಒಂದು ಸಕ್ಕರೆಯ 3ನೇ ಇಂಗಾಲಕ್ಕೂ ಮುಂದಿನ ಸಕ್ಕರೆಯ 5ನೇ ಇಂಗಾಲಕ್ಕೂ ನಡುವೆ ಫಾಸ್ಫೇಟ್ ಸೇತುವೆ ಕೂತಿರುತ್ತದೆ. ಹೀಗಾಗಿ ಎಳೆಗೆ ಎರಡು ಬೇರೆ ಬೇರೆ ತುದಿ. ಒಂದು 5 ಪ್ರೈಮ್, ಇನ್ನೊಂದು 3 ಪ್ರೈಮ್. ನಾವು ಬರೆಯುವುದು ಯಾವಾಗಲೂ 5 ಪ್ರೈಮ್‌ನಿಂದ 3 ಪ್ರೈಮ್ ಕಡೆಗೆ. 5 ಪ್ರೈಮ್ ತಲೆ, 3 ಪ್ರೈಮ್ ಬಾಲ ಅಂತ ಇಟ್ಟುಕೊಳ್ಳಿ. ಈ ಲೇಖನದುದ್ದಕ್ಕೂ ಇದು ಬೇಕಾಗುತ್ತದೆ.

ಫಾಸ್ಫೇಟಿನ ಬಗ್ಗೆ ಎರಡು ಮಾತು. ನೀರಿನಲ್ಲಿ ಪ್ರತಿ ಫಾಸ್ಫೇಟಿನ ಮೇಲೂ ಒಂದು ಋಣ ಚಾರ್ಜ್ ಇರುತ್ತದೆ. ಡಿಎನ್‌ಎ ನೀರಿನಲ್ಲಿ ಸಲೀಸಾಗಿ ಕರಗುವುದು ಅದರಿಂದಲೇ. ಉಪ್ಪು ಮತ್ತು ಆಲ್ಕೋಹಾಲ್ ಹಾಕಿದರೆ ತಳಕ್ಕೆ ಕೂರುವುದು, ಜೆಲ್‌ನಲ್ಲಿ ಧನ ತುದಿಯ ಕಡೆಗೆ ಓಡುವುದು ಕೂಡ ಅದರಿಂದಲೇ.

ಆರ್‌ಎನ್‌ಎಯ ಸಕ್ಕರೆಯಲ್ಲಿ 2ನೇ ಇಂಗಾಲದ ಮೇಲೆ ಒಂದು ಹೈಡ್ರಾಕ್ಸಿಲ್ ಜಾಸ್ತಿ ಇದೆ. ಕ್ಷಾರ ತಾಗಿದರೆ ಅದೇ ಹೈಡ್ರಾಕ್ಸಿಲ್ ಪಕ್ಕದ ಫಾಸ್ಫೇಟಿನ ಮೇಲೆ ಬಿದ್ದು ತನ್ನ ಎಳೆಯನ್ನು ತಾನೇ ಕಡಿದುಹಾಕುತ್ತದೆ. ಡಿಎನ್‌ಎಗೆ ಆ ತಾಪತ್ರಯ ಇಲ್ಲ, ಕ್ಷಾರವನ್ನು ತಡೆದುಕೊಳ್ಳುತ್ತದೆ. ಅದಕ್ಕೆ ಕಾಟ ಆಮ್ಲದಿಂದ. ಆಮ್ಲ ತಾಗಿದರೆ ಎ ಮತ್ತು ಜಿ ಬೇಸ್‌ಗಳು ಸಕ್ಕರೆಯಿಂದ ಉದುರುತ್ತವೆ. ಇದು ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಯಂತ್ರದೊಳಗಿನ ಒಂದು ಸುತ್ತು

ಉದಾಹರಣೆಗೆ ಎಲ್ಲ ಲ್ಯಾಬಿನ ಫ್ರೀಜರಿನಲ್ಲೂ ಇರುವ ಪ್ರೈಮರನ್ನೇ ತೆಗೆದುಕೊಳ್ಳೋಣ. ಎಂ13 ಫಾರ್ವರ್ಡ್, 17 ಅಕ್ಷರದ್ದು:

5 ಪ್ರೈಮ್ – ಜಿ-ಟಿ-ಎ-ಎ-ಎ-ಎ-ಸಿ-ಜಿ-ಎ-ಸಿ-ಜಿ-ಜಿ-ಸಿ-ಸಿ-ಎ-ಜಿ-ಟಿ – 3 ಪ್ರೈಮ್

ಜೀವಕೋಶದಲ್ಲಿ ಪಾಲಿಮರೇಸ್ ಕಿಣ್ವ ಡಿಎನ್‌ಎಯನ್ನು ತಲೆಯಿಂದ ಬಾಲಕ್ಕೆ ಕಟ್ಟುತ್ತದೆ. ಯಂತ್ರದಲ್ಲಿ ಉಲ್ಟಾ, ಬಾಲದಿಂದ ತಲೆಗೆ. ಅಂದರೆ ಕೊನೆಯಲ್ಲಿ ಬರೆದಿರುವ ಟಿ ಮೊದಲು ಬರುತ್ತದೆ. ಅದನ್ನು ಸಣ್ಣ ಸಣ್ಣ ರಂಧ್ರಗಳಿರುವ ಗಾಜಿನ ಪುಡಿಗೆ ಮೊದಲೇ ಅಂಟಿಸಿಟ್ಟಿರುತ್ತಾರೆ. ಆ ಪುಡಿ ಒಂದು ಪುಟ್ಟ ಕಾಲಂನಲ್ಲಿ ಕೂತಿರುತ್ತದೆ. ದ್ರಾವಣಗಳು ಒಂದಾದ ಮೇಲೊಂದು ಅದರ ಮೂಲಕ ಹರಿದುಹೋಗುತ್ತವೆ. ಎಳೆ ಗಾಜಿಗೆ ಕಚ್ಚಿಕೊಂಡಿರುವುದರಿಂದ ಬೇಡದ್ದನ್ನೆಲ್ಲ ಸುಮ್ನೆ ತೊಳೆದುಬಿಟ್ಟರೆ ಆಯಿತು.

ಸೇರಿಸುವ ಕೊಂಡಿಗೆ ಫಾಸ್ಫೋರಮಿಡೈಟ್ ಅಂತ ಹೆಸರು. ಅದರ ಮೈಮೇಲೆ ಹಲವು ಮುಚ್ಚಳಗಳು. ಎ ಮತ್ತು ಸಿ ಬೇಸ್‌ಗಳಿಗೆ ಸಾಮಾನ್ಯವಾಗಿ ಬೆಂಜಾಯ್ಲ್, ಜಿ ಬೇಸ್‌ಗೆ ಐಸೊಬ್ಯುಟಿರಿಲ್. ಟಿ ಬೇಸ್‌ಗೆ ಏನೂ ಬೇಡ, ಏಕೆಂದರೆ ಅಲ್ಲಿ ತಂಟೆ ಮಾಡುವ ಅಮೈನೋ ಗುಂಪಿಲ್ಲ. 5 ಪ್ರೈಮ್ ಕಡೆ ಡಿಎಂಟಿ ಎಂಬ ದೊಡ್ಡ ಮುಚ್ಚಳ. ಇಷ್ಟೆಲ್ಲ ಮುಚ್ಚುವುದು ಏಕೆ? ಹೊಸ ಕೊಂಡಿ ಒಂದೇ ಜಾಗದಲ್ಲಿ, ಒಂದೇ ಸಲ ಅಂಟಬೇಕು. ಎರಡು ಅಂಟಿದರೂ ಕೆಟ್ಟಿತು, ಬೇಸಿನ ಮೇಲೆ ಅಂಟಿದರೂ ಕೆಟ್ಟಿತು.

ಒಂದು ಅಕ್ಷರ ಸೇರಿಸಲು ನಾಲ್ಕು ಹೆಜ್ಜೆ.

ಮೊದಲು ಮುಚ್ಚಳ ತೆಗೆಯುವುದು. ಟ್ರೈಕ್ಲೋರೋ ಅಸಿಟಿಕ್ ಆಮ್ಲ ಹರಿಸಿದರೆ ಡಿಎಂಟಿ ಕಳಚಿ, 5 ಪ್ರೈಮ್ ಹೈಡ್ರಾಕ್ಸಿಲ್ ತೆರೆದುಕೊಳ್ಳುತ್ತದೆ. ಕಳಚಿದ ಡಿಎಂಟಿಗೆ ಚೆಂದದ ಕಿತ್ತಳೆ ಬಣ್ಣ. ಹೊರಬರುವ ದ್ರಾವಣದ ಬಣ್ಣ ಅಳೆದರೆ ಹಿಂದಿನ ಸುತ್ತಿನಲ್ಲಿ ಎಷ್ಟು ಎಳೆಗಳಿಗೆ ಕೊಂಡಿ ಸೇರಿತ್ತು ಅಂತ ಗೊತ್ತಾಗುತ್ತದೆ. ಬಣ್ಣ ಸುತ್ತಿನಿಂದ ಸುತ್ತಿಗೆ ದಿಢೀರನೆ ಮಂಕಾದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಎರಡನೆಯದು ಜೋಡಿಸುವುದು. ಹೊಸ ಕೊಂಡಿಯನ್ನು ಟೆಟ್ರಜೋಲ್ ತರಹದ ಒಂದು ಪ್ರಚೋದಕದ ಜೊತೆ ಕಳಿಸುತ್ತಾರೆ. ಅದರ ರಂಜಕ ಬಂದು ತೆರೆದ ಹೈಡ್ರಾಕ್ಸಿಲ್‌ಗೆ ಅಂಟಿಕೊಳ್ಳುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಇಲ್ಲಿ ದೊಡ್ಡ ಶತ್ರು ನೀರು. ಒಂದಿಷ್ಟು ತೇವ ಇದ್ದರೂ ಕೊಂಡಿ ಎಳೆಯನ್ನು ಬಿಟ್ಟು ನೀರಿನ ಜೊತೆಗೇ ಸೇರಿಬಿಡುತ್ತದೆ. ಬಳಸುವ ಅಸಿಟೋನೈಟ್ರೈಲ್‌ನಲ್ಲಿ ನೀರು ಹತ್ತು ಲಕ್ಷಕ್ಕೆ 30 ಭಾಗಕ್ಕಿಂತ ಕಡಿಮೆ ಇರಬೇಕು ಅಂತ ಪಟ್ಟು ಹಿಡಿಯುವುದು ಇದಕ್ಕೇ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುವ ನಮ್ಮೂರಿನಲ್ಲಿ ಇದೆಷ್ಟು ಕಷ್ಟ ಅಂತ ಯೋಚಿಸಿ.

ಮೂರನೆಯದು ಬಾಯಿ ಕಟ್ಟುವುದು. ಎಷ್ಟೇ ಚೆನ್ನಾಗಿ ನಡೆದರೂ ಕೆಲವು ಎಳೆಗಳಿಗೆ ಹೊಸ ಕೊಂಡಿ ಸಿಗುವುದಿಲ್ಲ. ಅವನ್ನು ಹಾಗೇ ಬಿಟ್ಟರೆ ಮುಂದಿನ ಸುತ್ತಿನಲ್ಲಿ ಬೆಳೆದು, ನಡುವೆ ಒಂದು ಅಕ್ಷರ ಬಿಟ್ಟುಹೋದ ಎಳೆಗಳಾಗುತ್ತವೆ. ಅದಕ್ಕೇ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಅವುಗಳ ತುದಿ ಮುಚ್ಚುತ್ತಾರೆ. ಅವು ಮೋಟಾಗಿ ಅಲ್ಲೇ ನಿಲ್ಲುತ್ತವೆ.

ನಾಲ್ಕನೆಯದು ಆಕ್ಸಿಡೀಕರಣ. ಹೊಸ ಕೊಂಡಿಯ ರಂಜಕ ಇನ್ನೂ ಬಲವಿಲ್ಲದ ಸ್ಥಿತಿಯಲ್ಲಿರುತ್ತದೆ. ಅಯೋಡಿನ್ ಮತ್ತು ನೀರು ಹಾಕಿದರೆ ಅದು ಗಟ್ಟಿ ಫಾಸ್ಫೇಟ್ ರೂಪಕ್ಕೆ ಬರುತ್ತದೆ. ಎರಡನೇ ಹೆಜ್ಜೆಯ ಶತ್ರು ಇಲ್ಲಿ ಸ್ನೇಹಿತ. ಆಮೇಲೆ ಆ ನೀರನ್ನೆಲ್ಲ ತೊಳೆದು ಒಣಗಿಸಿ, ಮತ್ತೆ ಮೊದಲ ಹೆಜ್ಜೆಗೆ.

ನಮ್ಮ ಎಂ13 ಪ್ರೈಮರಿಗೆ ಇಂಥ 16 ಸುತ್ತು. ಎಲ್ಲ ಮುಗಿದ ಮೇಲೆ ಗಾಢ ಅಮೋನಿಯಾದಲ್ಲಿ, ಸಾಮಾನ್ಯವಾಗಿ 55 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತಾರೆ. ಎಳೆ ಗಾಜಿನಿಂದ ಬಿಡುತ್ತದೆ, ಬೇಸ್‌ಗಳ ಮುಚ್ಚಳಗಳೂ ಉದುರುತ್ತವೆ. ಡಿಎನ್‌ಎ ಕ್ಷಾರವನ್ನು ತಡೆದುಕೊಳ್ಳುತ್ತದೆ ಅಂತ ಹೇಳಿದ್ದೆ ನೋಡಿ, ಈ ಅಮೋನಿಯಾ ಸ್ನಾನ ಸಾಧ್ಯವಾಗುವುದು ಅದರಿಂದಲೇ.

ಈ ವಿಧಾನವನ್ನು ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಮಾರ್ವಿನ್ ಕರುಥರ್ಸ್ ಮತ್ತು ಸರ್ಜ್ ಬೊಕಾಜ್ 1981ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲಿನ ಕಥೆಯಲ್ಲಿ ಹರಗೋವಿಂದ ಖೊರಾನಾ ಇದ್ದಾರೆ. ಡಿಎಂಟಿ ಮುಚ್ಚಳ ಅವರ ಲ್ಯಾಬಿನಿಂದಲೇ ಬಂದದ್ದು. 1968ರಲ್ಲಿ ನೊಬೆಲ್ ಪಡೆದ ಅವರು, 1970ರಲ್ಲಿ 77 ಬೇಸ್ ಜೋಡಿಯ ಒಂದು ಪೂರ್ತಿ ಜೀನನ್ನು ಕೃತಕವಾಗಿ ಕಟ್ಟಿದ್ದನ್ನು ಪ್ರಕಟಿಸಿದರು. ಅದರ ಹಿಂದೆ ಒಂದು ದೊಡ್ಡ ತಂಡದ ವರ್ಷಗಟ್ಟಲೆ ದುಡಿಮೆ ಇತ್ತು. ಇವತ್ತು ಯಂತ್ರ ಅಷ್ಟು ಅಕ್ಷರವನ್ನು ಒಂದು ದಿನದೊಳಗೆ ಜೋಡಿಸಿಬಿಡುತ್ತದೆ.

ಒಂದು ಮಾತು. ಇದನ್ನು ಕಾಲೇಜು ಲ್ಯಾಬಿನಲ್ಲಿ ಕೈಯಾರೆ ಮಾಡಲು ಹೊರಡಬೇಡಿ. ಒಣ ಅನಿಲ, ವಿಷಕಾರಿ ದ್ರಾವಕಗಳು, ಬಿಸಿ ಅಮೋನಿಯಾ, ಇವೆಲ್ಲ ಬೇಕು. ನಮ್ಮ ಪಾಲಿನ ಕೆಲಸ ಸರಿಯಾಗಿ ಆರ್ಡರ್ ಮಾಡುವುದು, ಸರಿಯಾಗಿ ಬಳಸುವುದು.

ನೂರಕ್ಕೆ ತೊಂಬತ್ತೊಂಬತ್ತು ಸಾಕಾ?

ಪ್ರತಿ ಸುತ್ತಿನಲ್ಲಿ ನೂರಕ್ಕೆ 99 ಎಳೆಗಳಿಗೆ ಕೊಂಡಿ ಸೇರಿತು ಅಂದುಕೊಳ್ಳಿ. ಪರೀಕ್ಷೆಯಲ್ಲಾದರೆ ಇದು ರ‍್ಯಾಂಕ್. ಆದರೆ ಈ 99 ಪ್ರತಿ ಸುತ್ತಿಗೂ ಗುಣಿಸುತ್ತಾ ಹೋಗುತ್ತದೆ. 17 ಅಕ್ಷರಕ್ಕೆ 16 ಸುತ್ತು: 0.99ನ್ನು 16 ಸಲ ಗುಣಿಸಿದರೆ 0.85. ನೂರರಲ್ಲಿ 85 ಎಳೆ ಪೂರ್ತಿ ಉದ್ದ. 60 ಅಕ್ಷರಕ್ಕೆ ಹೋದರೆ 55. ನೂರು ಅಕ್ಷರಕ್ಕೆ ಬರೀ 37. ಪ್ರತಿ ಸುತ್ತಿನ ಲೆಕ್ಕ 99ರಿಂದ 98ಕ್ಕೆ ಇಳಿದರೆ ನೂರು ಅಕ್ಷರದ ಎಳೆ ಹೆಚ್ಚುಕಡಿಮೆ 14ಕ್ಕೆ ಬಂದು ನಿಲ್ಲುತ್ತದೆ.

ಜೊತೆಗೆ ಆಮ್ಲದ ಕಾಟ. ಮೊದಲು ಸೇರಿದ ಬೇಸ್‌ಗಳು ಪ್ರತಿ ಸುತ್ತಿನಲ್ಲೂ ಆಮ್ಲದ ಸ್ನಾನ ಮಾಡಬೇಕು. ಉದ್ದ ಹೆಚ್ಚಿದಷ್ಟೂ ಎ ಮತ್ತು ಜಿ ಉದುರುವ ಅಪಾಯ ಜಾಸ್ತಿ. ಈ ವಿಧಾನ ಸುಮಾರು 200 ಅಕ್ಷರದ ಹತ್ತಿರ ಉಸಿರು ಬಿಡುವುದು ಇದಕ್ಕೇ. ದೊಡ್ಡ ಜೀನ್ ಬೇಕಾದರೆ ಸಣ್ಣ ಎಳೆಗಳನ್ನು ಮಾಡಿ ಆಮೇಲೆ ಹೊಲಿಯುತ್ತಾರೆ.

ಈಗ ಮುಖ್ಯ ವಿಷಯ. ಎಳೆ ಬೆಳೆಯುವುದು ಬಾಲದಿಂದ ತಲೆಗೆ. ಹಾಗಾದರೆ ಮೋಟು ಎಳೆಗಳಲ್ಲಿ ಇಲ್ಲದಿರುವುದು ಯಾವ ಭಾಗ? ತಲೆ, ಅಂದರೆ 5 ಪ್ರೈಮ್. ಬಾಲ ಎಲ್ಲದರಲ್ಲೂ ಇರುತ್ತದೆ. ಪಿಸಿಆರ್‌ನಲ್ಲಿ ಪಾಲಿಮರೇಸ್ ಎಳೆ ಮುಂದುವರಿಸುವುದು ಪ್ರೈಮರಿನ 3 ಪ್ರೈಮ್ ತುದಿಯಿಂದ. ಆ ತುದಿ ಸರಿ ಇದ್ದರೆ, ತಲೆಯಲ್ಲಿ ಒಂದೆರಡು ಅಕ್ಷರ ಕಡಿಮೆ ಇದ್ದರೂ ಅದು ಕೆಲಸ ಮಾಡುತ್ತದೆ. ಅದಕ್ಕೇ ಸಾಧಾರಣ ಪಿಸಿಆರ್ ಪ್ರೈಮರಿಗೆ ದುಬಾರಿ ಶುದ್ಧೀಕರಣ ದಂಡ. ಆದರೆ ತಲೆಯಲ್ಲಿ ರಿಸ್ಟ್ರಿಕ್ಷನ್ ಸೈಟ್, ಅಂದರೆ ಕತ್ತರಿಸುವ ಕಿಣ್ವ ಗುರುತು ಹಿಡಿಯುವ ಅಕ್ಷರಗಳನ್ನು ಇಟ್ಟಿದ್ದೀರಾ? ಆಗ ಮೋಟು ಎಳೆಗಳಲ್ಲಿ ಹರಿದಿರುವುದು ಅದೇ ಸೈಟ್. ಲೆಕ್ಕ ಪೂರಾ ಬದಲಾಗುತ್ತದೆ.

ಈಗ ಫಾರ್ಮ್ ತುಂಬೋಣ

ಅನುಕ್ರಮ. ಯಾವಾಗಲೂ 5 ಪ್ರೈಮ್‌ನಿಂದ 3 ಪ್ರೈಮ್‌ಗೆ ಬರೆಯಿರಿ. ಫಾರ್ವರ್ಡ್ ಪ್ರೈಮರ್ ಸುಲಭ, ಜೀನಿನ ಎರಡು ಎಳೆಗಳಲ್ಲಿ ಮೇಲೆ ಬರೆಯುವ ಎಳೆಯನ್ನು ಇದ್ದಹಾಗೆ ನಕಲು ಮಾಡಿದರಾಯಿತು. ಎಲ್ಲರೂ ಎಡವುವುದು ರಿವರ್ಸ್ ಪ್ರೈಮರಿನಲ್ಲಿ. ನಾನೂ ಎಡವಿದ್ದೇನೆ. ಎಂ.ಎಸ್ಸಿಯಲ್ಲಿ ಜೋಡಿ ಅಕ್ಷರ (ಎಗೆ ಟಿ, ಜಿಗೆ ಸಿ) ಬರೆದೆ, ತಿರುಗಿಸುವುದನ್ನು ಮರೆತೆ. ಮೂರು ವಾರ ತಾಪಮಾನ ಬದಲಿಸಿದೆ, ಮೆಗ್ನೀಸಿಯಂ ಬದಲಿಸಿದೆ, ಕಿಣ್ವವನ್ನೂ ಬೈದೆ. ಕೊನೆಗೆ ಗೈಡ್ ಹಾಳೆ ನೋಡಿ ನಕ್ಕರು.

ಮಾಡುವುದು ಹೀಗೆ. ಮೇಲಿನ ಎಳೆಯ ಕೊನೆಯ ಭಾಗ ಎ-ಎ-ಜಿ-ಸಿ-ಸಿ-ಟಿ ಅಂತಿರಲಿ. ಜೋಡಿ ಅಕ್ಷರ ಬರೆಯಿರಿ: ಟಿ-ಟಿ-ಸಿ-ಜಿ-ಜಿ-ಎ. ಈಗ ಹಿಂದುಮುಂದು ಮಾಡಿ: ಎ-ಜಿ-ಜಿ-ಸಿ-ಟಿ-ಟಿ. ಆರ್ಡರ್ ಮಾಡಬೇಕಾದ್ದು ಈ ಕೊನೆಯದನ್ನು. ಸಾಫ್ಟ್‌ವೇರ್ ಮಾಡಿಕೊಟ್ಟರೂ ಒಂದು ಸಲ ಪೆನ್ನು ಹಿಡಿದು ನೋಡಿ. ಫಾರ್ಮಿಗೆ ಹಾಕುವಾಗ ಕೈಯಲ್ಲಿ ಟೈಪ್ ಮಾಡಬೇಡಿ, ಕಾಪಿ ಮಾಡಿ ಹಾಕಿ.

ಉದ್ದ ಮತ್ತು ಅಕ್ಷರಗಳ ಆಯ್ಕೆ. 18ರಿಂದ 25 ಅಕ್ಷರ ಸಾಕು. ಜಿ ಮತ್ತು ಸಿ ಸೇರಿ ಶೇ. 40ರಿಂದ 60 ಇರಲಿ. ಬಾಲದ ಕೊನೆಗೆ ಒಂದು ಜಿ ಅಥವಾ ಸಿ ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಎರಡು ಪ್ರೈಮರುಗಳ ಬಾಲಗಳು ಒಂದಕ್ಕೊಂದು ಅಂಟಿಕೊಳ್ಳಬಾರದು, ಅಂಟಿದರೆ ಜೀನ್ ಬಿಟ್ಟು ಪ್ರೈಮರುಗಳೇ ಹೆಚ್ಚುತ್ತವೆ. ನಾಲ್ಕು ಜಿ ಸಾಲಾಗಿ ಬರದಂತೆ ನೋಡಿ. ಅಂಥ ಎಳೆಗಳು ತಮ್ಮತಮ್ಮಲ್ಲೇ ಗಂಟು ಹಾಕಿಕೊಳ್ಳುತ್ತವೆ, ತಯಾರಿಸುವವರಿಗೂ ತಲೆನೋವು.

ಕರಗುವ ತಾಪಮಾನ, ಅಂದರೆ ಜೋಡಿ ಎಳೆಗಳು ಒಂದನ್ನೊಂದು ಬಿಡುವ ತಾಪಮಾನ, ಸುಮಾರಾಗಿ ತಿಳಿಯಲು ಹಳೆಯ ಸೂತ್ರವೊಂದಿದೆ: ಒಂದು ಎ ಅಥವಾ ಟಿ ಬಂದರೆ 2 ಡಿಗ್ರಿ, ಒಂದು ಜಿ ಅಥವಾ ಸಿ ಬಂದರೆ 4 ಡಿಗ್ರಿ. ಎಂ13 ಪ್ರೈಮರಿನಲ್ಲಿ ಎ ಮತ್ತು ಟಿ ಸೇರಿ 8, ಜಿ ಮತ್ತು ಸಿ ಸೇರಿ 9. ಅಂದರೆ 16 ಮತ್ತು 36, ಒಟ್ಟು 52 ಡಿಗ್ರಿ. ಇದು ಚಿಕ್ಕ ಎಳೆಗಳಿಗೆ ಮಾತ್ರ ಒಪ್ಪುವ ಅಂದಾಜು. ಅಂತಿಮ ಲೆಕ್ಕಕ್ಕೆ ಸಾಫ್ಟ್‌ವೇರ್ ನಂಬಿ. ಎರಡೂ ಪ್ರೈಮರುಗಳ ತಾಪಮಾನ ಹತ್ತಿರ ಹತ್ತಿರ ಇರುವುದು ಮುಖ್ಯ.

ಸ್ಕೇಲ್. 25 ನ್ಯಾನೋಮೋಲ್ ಅಂತ ಬರೆದಿದ್ದರೆ ಅಷ್ಟು ಕೈಗೆ ಬರುತ್ತದೆ ಅಂತ ಅರ್ಥವಲ್ಲ. ಬಹಳ ಕಡೆ ಅದು ಯಂತ್ರದಲ್ಲಿ ಶುರುಮಾಡುವ ಪ್ರಮಾಣ. ನಿಮಗೆ ಎಷ್ಟು ಬಂತು ಅನ್ನುವುದು ಟ್ಯೂಬಿನ ಜೊತೆಯ ಹಾಳೆಯಲ್ಲಿರುತ್ತದೆ. ಹಾಗಂತ ದೊಡ್ಡ ಸ್ಕೇಲ್ ತೆಗೆದುಕೊಳ್ಳಬೇಡಿ. ಒಂದು ಪಿಸಿಆರ್‌ಗೆ 10 ಪಿಕೋಮೋಲ್ ಹಿಡಿಯುತ್ತದೆ. 20 ನ್ಯಾನೋಮೋಲ್ ಬಂದರೆ 2000 ಪಿಸಿಆರ್. ನಿಮ್ಮ ಥೀಸಿಸ್ ಮುಗಿದರೂ ಅದು ಮುಗಿಯಲ್ಲ.

ಶುದ್ಧೀಕರಣ. ಸಾಧಾರಣ ಪಿಸಿಆರ್‌ಗೆ, ಸೀಕ್ವೆನ್ಸಿಂಗ್‌ಗೆ (ಅಕ್ಷರಗಳ ಕ್ರಮ ಓದುವುದಕ್ಕೆ) ಡೀಸಾಲ್ಟಿಂಗ್ ಸಾಕು. ಅದು ಉಪ್ಪು ಮತ್ತು ಸಣ್ಣಪುಟ್ಟ ಕಸ ತೆಗೆಯುತ್ತದೆ, ಮೋಟು ಎಳೆಗಳನ್ನು ತೆಗೆಯುವುದಿಲ್ಲ. ಕಾರ್ಟ್ರಿಡ್ಜ್ ವಿಧಾನದಲ್ಲಿ ಒಂದು ಜಾಣತನ ಇದೆ. ಕೊನೆಯ ಡಿಎಂಟಿಯನ್ನು ತೆಗೆಯದೆ ಬಿಡುತ್ತಾರೆ. ಅದು ಎಣ್ಣೆಯ ಗುಣದ ಮುಚ್ಚಳ, ಕಾರ್ಟ್ರಿಡ್ಜಿಗೆ ಅಂಟಿಕೊಳ್ಳುತ್ತದೆ. ಬಾಯಿ ಕಟ್ಟಿಸಿಕೊಂಡ ಮೋಟುಗಳಿಗೆ ಡಿಎಂಟಿ ಇಲ್ಲ, ಹರಿದುಹೋಗುತ್ತವೆ. ಬಣ್ಣದ ಪ್ರೋಬ್‌ಗಳಿಗೆ, ಅಂದರೆ ಗುರುತಿಗೆ ಬಣ್ಣ ಕಟ್ಟಿದ ಎಳೆಗಳಿಗೆ, ಎಚ್‌ಪಿಎಲ್‌ಸಿ ಎಂಬ ಕಾಲಂ ಶುದ್ಧೀಕರಣ ಕೇಳಿ. ಕ್ಲೋನಿಂಗ್‌ಗೆ (ಡಿಎನ್‌ಎ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸುವುದಕ್ಕೆ) ಉದ್ದದ ಎಳೆ ಬೇಕಾದರೆ, ಎಳೆಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಪೇಜ್ ಜೆಲ್ ಶುದ್ಧೀಕರಣ ಕೇಳಿ, ಖರ್ಚಿಗೆ ಹಿಂಜರಿಯಬೇಡಿ. ಆದರೂ ನಡುವೆ ಅಕ್ಷರ ಬಿಟ್ಟುಹೋದ ಕೆಲವು ಎಳೆ ನುಸುಳುತ್ತವೆ. ಹಾಗಾಗಿ ಕ್ಲೋನ್ ಮಾಡಿದ ಮೇಲೆ ಒಂದೇ ಕಾಲೊನಿ ಸೀಕ್ವೆನ್ಸ್ ಮಾಡಿ ಕೈ ತೊಳೆದುಕೊಳ್ಳಬೇಡಿ, ಮೂರ್ನಾಲ್ಕು ನೋಡಿ.

ತುದಿಯ ಬದಲಾವಣೆ. ಯಂತ್ರದಿಂದ ಬರುವ ಎಳೆಯ 5 ಪ್ರೈಮ್ ತುದಿಯಲ್ಲಿ ಫಾಸ್ಫೇಟ್ ಇರುವುದಿಲ್ಲ, ಬರೀ ಹೈಡ್ರಾಕ್ಸಿಲ್. ಪಿಸಿಆರ್‌ಗೆ ತೊಂದರೆ ಇಲ್ಲ. ಆದರೆ ಡಿಎನ್‌ಎ ತುದಿಗಳನ್ನು ಬೆಸೆಯುವ (ಲೈಗೇಶನ್ ಮಾಡುವ) ಲೈಗೇಸ್ ಕಿಣ್ವಕ್ಕೆ ಅಲ್ಲಿ ಫಾಸ್ಫೇಟ್ ಬೇಕೇಬೇಕು. ಲೈಗೇಶನ್ ಇದ್ದರೆ ಫಾಸ್ಫೇಟ್ ಹಾಕಿಸಿ ತರಿಸಿ, ಇಲ್ಲವೇ ಕೈನೇಸ್ ಕಿಣ್ವದಿಂದ ನೀವೇ ಸೇರಿಸಿ. ಲೈಗೇಶನ್ ಆಗ್ತಿಲ್ಲ ಅಂತ ಬರುವವರನ್ನು ನಾನು ಮೊದಲು ಕೇಳುವುದೇ ಇದನ್ನು.

ಟ್ಯೂಬ್ ಬಂದ ದಿನ

ಮೊದಲ ಕೆಲಸ ಮುಚ್ಚಳ ತೆಗೆಯುವುದಲ್ಲ. ಸೆಂಟ್ರಿಫ್ಯೂಜಿನಲ್ಲಿ ಇಟ್ಟು ಒಂದು ನಿಮಿಷ ತಿರುಗಿಸಿ. ಒಣಗಿದ ಡಿಎನ್‌ಎ ಪ್ರಯಾಣದಲ್ಲಿ ಕಿತ್ತುಕೊಂಡು ಮುಚ್ಚಳದಲ್ಲಿ ಕೂತಿರಬಹುದು. ತೆರೆದ ಕ್ಷಣ ಫ್ಯಾನಿನ ಗಾಳಿಗೆ ಹಾರಿಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಕರಗಿಸಲು ಲೆಕ್ಕ ಬಹಳ ಸುಲಭ. ಹಾಳೆಯಲ್ಲಿರುವ ನ್ಯಾನೋಮೋಲ್ ಸಂಖ್ಯೆಯನ್ನು ಹತ್ತರಿಂದ ಗುಣಿಸಿ. ಅಷ್ಟು ಮೈಕ್ರೋಲೀಟರ್ ಹಾಕಿದರೆ 100 ಮೈಕ್ರೋಮೋಲಾರ್ ಸ್ಟಾಕ್ ಸಿಗುತ್ತದೆ. 28.4 ನ್ಯಾನೋಮೋಲ್ ಇದ್ದರೆ 284 ಮೈಕ್ರೋಲೀಟರ್. ಹತ್ತು ನಿಮಿಷ ಬಿಟ್ಟು, ವೋರ್ಟೆಕ್ಸ್ ಮಾಡಿ, ಮತ್ತೆ ಒಂದು ಸ್ಪಿನ್.

ಯಾವುದರಲ್ಲಿ ಕರಗಿಸಬೇಕು? ನೀರಿಗಿಂತ ಟಿಇ ಬಫರ್ ಒಳ್ಳೆಯದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಶುದ್ಧ ನೀರು ಸ್ವಲ್ಪ ಆಮ್ಲೀಯ ಆಗುತ್ತದೆ. ಎ ಮತ್ತು ಜಿ ಆಮ್ಲಕ್ಕೆ ಉದುರುತ್ತವೆ ಅಂದಿದ್ದೆನಲ್ಲ, ವರ್ಷಗಟ್ಟಲೆ ಇಡುವ ಸ್ಟಾಕಿಗೆ ಅದು ಬೇಡ. ಟಿಇಯಲ್ಲಿ ಟ್ರಿಸ್ ಪಿಹೆಚ್ ಅನ್ನು 8ರಲ್ಲಿ ಹಿಡಿದಿಡುತ್ತದೆ. ಅದರಲ್ಲಿರುವ ಇಡಿಟಿಎ ಮೆಗ್ನೀಸಿಯಂ ಹಿಡಿದಿಟ್ಟು, ಡಿಎನ್‌ಎ ಕಡಿಯುವ ಕಿಣ್ವಗಳ ಕೈ ಕಟ್ಟುತ್ತದೆ. ಪಿಸಿಆರ್‌ಗೂ ಮೆಗ್ನೀಸಿಯಂ ಬೇಕು ನಿಜ. ಹಾಗಾಗಿ ನಾನು ಇಡಿಟಿಎಯನ್ನು ಮಾಮೂಲಿ 1 ಮಿಲಿಮೋಲಾರ್ ಬದಲು 0.1 ಇಟ್ಟ ಟಿಇ ಬಳಸುತ್ತೇನೆ.

ಸ್ಟಾಕನ್ನು ದಿನಾ ಮುಟ್ಟಬೇಡಿ. ಅದರಿಂದ 10 ಮೈಕ್ರೋಲೀಟರ್ ತೆಗೆದು 90 ಮೈಕ್ರೋಲೀಟರ್ ನೀರಿಗೆ ಹಾಕಿದರೆ 10 ಮೈಕ್ರೋಮೋಲಾರ್ ಆಯಿತು. ಅದರ 1 ಮೈಕ್ರೋಲೀಟರಿನಲ್ಲಿ ಸರಿಯಾಗಿ 10 ಪಿಕೋಮೋಲ್. 25 ಮೈಕ್ರೋಲೀಟರಿನ ಪಿಸಿಆರ್‌ಗೆ ಒಂದೊಂದು ಪ್ರೈಮರಿನಿಂದ ಅಷ್ಟು ಸಾಕು. ಎರಡೂ ಮೈನಸ್ 20 ಡಿಗ್ರಿಯಲ್ಲಿರಲಿ. ಬಣ್ಣದ ಪ್ರೋಬ್ ಆದರೆ ಟ್ಯೂಬಿಗೆ ಫಾಯಿಲ್ ಸುತ್ತಿ, ಬೆಳಕಿಗೆ ಬಣ್ಣ ಸಾಯುತ್ತದೆ.

ಹಾಳೆಯ ಸಂಖ್ಯೆ ಮೇಲೆ ಅನುಮಾನ ಬಂದರೆ 260 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಅಳೆಯಿರಿ. 1 ಮಿಲಿಮೋಲಾರ್ ದ್ರಾವಣಕ್ಕೆ ಎ 15.4, ಜಿ 11.5, ಟಿ 8.7, ಸಿ 7.4 ಅಂತ ಹೀರುತ್ತವೆ. ಎಂ13 ಪ್ರೈಮರಿನಲ್ಲಿ 6 ಎ, 5 ಜಿ, 2 ಟಿ, 4 ಸಿ. ಕೂಡಿದರೆ ಸುಮಾರು 197. ಹಾಗಾಗಿ 1 ಒಡಿ (1 ಮಿಲಿಲೀಟರಿನಲ್ಲಿ ಹೀರಿಕೆ 1 ಬರುವಷ್ಟು ಡಿಎನ್‌ಎ) ಅಂದರೆ ಹತ್ತಿರ ಹತ್ತಿರ 5 ನ್ಯಾನೋಮೋಲ್. ಬೇಸ್‌ಗಳು ಎಳೆಯಲ್ಲಿ ಒಂದರ ಮೇಲೊಂದು ಕೂರುವುದರಿಂದ ನಿಜವಾದ ಹೀರಿಕೆ ಇದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಅನುಮಾನ ಪರಿಹಾರಕ್ಕೆ ಇಷ್ಟು ಸಾಕು. ಈ ಹೀರಿಕೆಯನ್ನು ಒಂದು ಹನಿಯಲ್ಲೇ ಅಳೆಯುವ ನ್ಯಾನೋಡ್ರಾಪ್ ಯಂತ್ರ ಬಳಸುವವರು ಒಂಟಿ ಎಳೆ ಡಿಎನ್‌ಎ ಅಂತ ಆರಿಸಬೇಕು. ಅಲ್ಲಿ ಗುಣಕ 33. ಜೋಡಿ ಎಳೆಯ 50ರಲ್ಲೇ ಬಿಟ್ಟರೆ ಇರುವುದಕ್ಕಿಂತ ಒಂದೂವರೆ ಪಟ್ಟು ತೋರಿಸುತ್ತದೆ.

ಪಿಸಿಆರ್ ಆದ ಮೇಲೆ ಜೆಲ್‌ನಲ್ಲಿ ಬ್ಯಾಂಡ್ (ಡಿಎನ್‌ಎ ಪಟ್ಟೆ) ಬರದಿದ್ದರೆ

ತಯಾರಿಸಿದವರ ಮೇಲೆ ಹಾರುವ ಮೊದಲು ಮೂರು ವಿಷಯ ನೋಡಿ. ರಿವರ್ಸ್ ಪ್ರೈಮರ್ ನಿಜಕ್ಕೂ ತಿರುಗಿಸಿ ಬರೆದಿದ್ದೀರಾ? ಇದನ್ನು ಹಾಳೆಯಲ್ಲಿರುವ ಅನುಕ್ರಮ ನೋಡಿ ಹೇಳಿ, ನಿಮ್ಮ ನೋಟ್‌ಬುಕ್ ನೋಡಿ ಅಲ್ಲ. ಎರಡು ಟ್ಯೂಬಿನಲ್ಲಿ ಒಂದನ್ನೇ ಎರಡು ಸಲ ಹಾಕಿಲ್ಲ ತಾನೇ? 10ರ ಬದಲು 100 ಮೈಕ್ರೋಮೋಲಾರ್ ಸ್ಟಾಕನ್ನೇ ಹಾಕಿಬಿಟ್ಟಿರಾ? ಮೂರನೆಯದಾಗಿದ್ದರೆ ಜೆಲ್‌ನ ಕೆಳತುದಿಯಲ್ಲಿ ದಪ್ಪ ಮಸುಕು ಕಾಣುತ್ತದೆ.

ಇಷ್ಟೂ ಸರಿ ಇದ್ದರೆ ಆಗ ಕಂಪನಿಯಿಂದ ಮಾಸ್ ಸ್ಪೆಕ್ ವರದಿ, ಅಂದರೆ ಎಳೆಯ ತೂಕ ಅಳೆದ ವರದಿ, ಕೇಳಿ. ಎಂ13 ಪ್ರೈಮರಿನ ತೂಕ ಸುಮಾರು 5228 ಇರಬೇಕು. ಅದಕ್ಕಿಂತ 300ರ ಆಸುಪಾಸು ಕಡಿಮೆ ಇರುವ ಇನ್ನೊಂದು ಶಿಖರ ಎದ್ದಿದ್ದರೆ ಒಂದು ಅಕ್ಷರ ಬಿಟ್ಟುಹೋದ ಎಳೆಗಳಿವೆ. ಎಷ್ಟು ಕಡಿಮೆ ಅನ್ನುವುದನ್ನು ಸರಿಯಾಗಿ ನೋಡಿ: 289 ಆದರೆ ಸಿ ಹೋಗಿದೆ, 304 ಆದರೆ ಟಿ, 313 ಆದರೆ ಎ, 329 ಆದರೆ ಜಿ. ಆ ವರದಿಯನ್ನು ಲಗತ್ತಿಸಿ ಬರೆದರೆ ಹೊಸದನ್ನು ಮಾಡಿಸಿಕೊಳ್ಳುವ ಮಾತು ಸುಲಭವಾಗುತ್ತದೆ. ಸುಮ್ನೆ 'ಪ್ರೈಮರ್ ಕೆಲಸ ಮಾಡ್ತಿಲ್ಲ' ಅಂತ ಬರೆದರೆ, ನಿಮ್ಮ ಪಿಸಿಆರ್ ತಾಪಮಾನ ಬದಲಿಸಿ ನೋಡಿ ಅಂತಲೇ ಉತ್ತರ ಬರುತ್ತದೆ.